ಗೋಡೆಯ ಕ್ಯಾಲೆಂಡರ್ ನೋಡಿ ಸಂಜೆಯ ನಕ್ಷತ್ರ ಹುಡುಕುವುದು

ಕಾರ್ತಿಕ, ಮಾರ್ಗಶಿರ, ಮಾಘ, ಚೈತ್ರ. ಈ ತಿಂಗಳ ಹೆಸರುಗಳು ನಿಮಗೆ ಬರುತ್ತವೆ ಅಂದರೆ ಆಕಾಶದ ಅರ್ಧ ಪಾಠ ಆಗಲೇ ಬಂದಿದೆ. ಸಂಜೆ ಹೊತ್ತು ಪೂರ್ವದಲ್ಲಿ ಯಾವ ನಕ್ಷತ್ರ ಹುಟ್ಟುತ್ತದೆ ಅಂತ ತಿಂಗಳ ಹೆಸರೇ ಹೇಳಿಬಿಡುತ್ತದೆ. ದುರ್ಬೀನು ಬೇಡ, ದುಡ್ಡು ಬೇಡ. ಅಡುಗೆಮನೆ ಗೋಡೆಗೆ ನೇತುಹಾಕಿದ ಕ್ಯಾಲೆಂಡರ್ ಸಾಕು.

ನಾನು ಶಿರಾ ತಾಲ್ಲೂಕಿನ ರೈತ. ಕಡಲೆಕಾಯಿ, ಸ್ವಲ್ಪ ಅಡಿಕೆ, ಒಂದು ಬೋರು. ತ್ರೀ ಫೇಸ್ ಕರೆಂಟ್ ರಾತ್ರಿ ಪಾಳಿಯಲ್ಲಿ ಬಂದರೆ ಮೋಟರ್ ಹಾಕಲು ತೋಟಕ್ಕೆ ಹೋಗಲೇಬೇಕು. ನೀರು ಸಾಲು ತುಂಬುವವರೆಗೆ ಅಲ್ಲಿ ಮಾಡಲು ಇನ್ನೇನಿದೆ? ಮೇಲೆ ನೋಡುವುದು. ಬೆಂಗಳೂರಿನಲ್ಲಿರುವ ತಂಗಿಯ ಮಗಳು ಆಗಾಗ ಫೋನ್ ಮಾಡಿ, "ಮಾವ, ನಮ್ಮ ಟೆರೇಸಿಂದ ಇವತ್ತು ಏನು ಕಾಣತ್ತೆ?" ಅಂತ ಕೇಳುತ್ತಾಳೆ. ಅವಳಿಗೆ ಹೇಳಿದ್ದನ್ನೇ ಇಲ್ಲಿ ಸ್ವಲ್ಪ ಬಿಡಿಸಿ ಬರೆದಿದ್ದೇನೆ.

ತಿಂಗಳ ಲೆಕ್ಕ, ಮಳೆ ಲೆಕ್ಕ

ಹುಣ್ಣಿಮೆ ದಿನ ಚಂದ್ರ ಸೂರ್ಯನಿಗೆ ನೇರ ಎದುರು ಇರುತ್ತಾನೆ. ಸೂರ್ಯ ಪಶ್ಚಿಮದಲ್ಲಿ ಮುಳುಗುವ ಹೊತ್ತಿಗೆ ಚಂದ್ರ ಪೂರ್ವದಲ್ಲಿ ಹುಟ್ಟುತ್ತಾನೆ. ಆ ಹುಣ್ಣಿಮೆ ಚಂದ್ರ ಯಾವ ನಕ್ಷತ್ರದ ಆಸುಪಾಸಿನಲ್ಲಿ ಇರುತ್ತಾನೋ ಅದರ ಹೆಸರೇ ತಿಂಗಳಿಗೆ ಬಂದಿದೆ. ಕಾರ್ತಿಕದಲ್ಲಿ ಕೃತ್ತಿಕೆ, ಮಾರ್ಗಶಿರದಲ್ಲಿ ಮೃಗಶಿರ, ಮಾಘದಲ್ಲಿ ಮಘಾ, ಚೈತ್ರದಲ್ಲಿ ಚಿತ್ತಾ. ಅಂದರೆ ಆ ತಿಂಗಳು ಕತ್ತಲಾಗುವಾಗ ಪೂರ್ವದ ಕಡೆ ಮುಖ ಮಾಡಿ ನಿಂತರೆ ಆ ನಕ್ಷತ್ರ ಏರುತ್ತಿರುತ್ತದೆ.

ಆದರೆ ಹುಣ್ಣಿಮೆ ರಾತ್ರಿಯೇ ನೋಡಲು ಹೋಗಬೇಡಿ. ಬೆಳದಿಂಗಳಲ್ಲಿ ಸಣ್ಣ ನಕ್ಷತ್ರಗಳೆಲ್ಲ ಅಳಿಸಿಹೋಗುತ್ತವೆ. ಹುಣ್ಣಿಮೆ ಕಳೆದು ಐದಾರು ದಿನ ಬಿಡಿ. ಬಹುಳ ಪಂಚಮಿ, ಷಷ್ಠಿ ಹೊತ್ತಿಗೆ ಚಂದ್ರ ಹುಟ್ಟುವುದೇ ರಾತ್ರಿ ಹತ್ತರ ಸುಮಾರಿಗೆ. ಅಲ್ಲಿಂದ ಅಮಾವಾಸ್ಯೆ ಕಳೆದು ಮೂರನೇ ದಿನದವರೆಗೆ ಸಂಜೆ ಆಕಾಶ ನಿಮ್ಮದೇ. ತಿಂಗಳಲ್ಲಿ ಅರ್ಧದಷ್ಟು ದಿನ ಸಿಕ್ಕಂತಾಯಿತು.

ಇನ್ನು ಮಳೆ ಲೆಕ್ಕ. ನಮ್ಮಮ್ಮನಿಗೆ ಮಳೆಗಳ ಹೆಸರೆಲ್ಲ ಬಾಯಿಪಾಠ. "ರೋಹಿಣಿ ಮಳೆ ಬಂದರೆ ಓಣಿಯೆಲ್ಲ ಜೋಳ" ಅನ್ನುತ್ತಾಳೆ. ಅದು ಬರುವುದು ಮೇ ಕೊನೆಗೆ. ಜೂನ್ ಎರಡನೇ ವಾರ ಮೃಗಶಿರ, ನಾಲ್ಕನೇ ವಾರ ಆರಿದ್ರ. ಒಂದೊಂದಕ್ಕೂ ಹದಿಮೂರು ಹದಿನಾಲ್ಕು ದಿನ, ಯಾಕಂದರೆ ಸೂರ್ಯ 27 ನಕ್ಷತ್ರಗಳನ್ನು ಒಂದು ವರ್ಷದಲ್ಲಿ ದಾಟಬೇಕು. ಗಮನಿಸಿ, ಮಳೆಯ ಹೆಸರು ಸೂರ್ಯ ಆಗ ಇರುವ ನಕ್ಷತ್ರದ್ದು. ಸೂರ್ಯನ ಜೊತೆಗೇ ಹುಟ್ಟಿ ಜೊತೆಗೇ ಮುಳುಗುವ ನಕ್ಷತ್ರ ನಮ್ಮ ಕಣ್ಣಿಗೆ ಬೀಳುವುದಿಲ್ಲ. ಆರಿದ್ರ ಮಳೆ ಹುಯ್ಯುವಾಗ ಆರಿದ್ರ ನಕ್ಷತ್ರ ಹಗಲಿನ ಆಕಾಶದಲ್ಲಿ ಅಡಗಿರುತ್ತದೆ. ಮೋಡ ಇಲ್ಲದಿದ್ದರೂ ಕಾಣುವುದಿಲ್ಲ.

ಹಾಗಾಗಿ ತಿಂಗಳ ಹೆಸರು ಸಂಜೆ ಪೂರ್ವದಲ್ಲಿ ಕಾಣುವುದನ್ನು ಹೇಳುತ್ತದೆ, ಮಳೆಯ ಹೆಸರು ಸದ್ಯಕ್ಕೆ ಕಾಣದೇ ಇರುವುದನ್ನು ಹೇಳುತ್ತದೆ. ಇವೆರಡು ಗೊತ್ತಿದ್ದರೆ ಮಧ್ಯದ್ದನ್ನು ನೀವೇ ಊಹಿಸಬಹುದು.

ಒಂದು ತೊಡಕಿದೆ. ಚಾಂದ್ರಮಾನ ತಿಂಗಳು ವರ್ಷದಿಂದ ವರ್ಷಕ್ಕೆ ಹಿಂದೆಮುಂದೆ ಆಗುತ್ತದೆ. 2023ರಲ್ಲಿ ಅಧಿಕ ಶ್ರಾವಣ ಬಂದು ಹಬ್ಬಗಳೆಲ್ಲ ತಡವಾದವು, ನೆನಪಿರಬೇಕು. ನಕ್ಷತ್ರಗಳಿಗೆ ಅಧಿಕಮಾಸ ಇಲ್ಲ. ಇಂಗ್ಲಿಷ್ ತಾರೀಖು ಹಿಡಿದರೆ ಪ್ರತಿ ವರ್ಷ ಅದೇ ದಿನ ಅದೇ ಗಂಟೆಗೆ ಅದೇ ಆಕಾಶ ಇರುತ್ತದೆ. ದಿನಕ್ಕೆ ನಾಲ್ಕು ನಿಮಿಷದಂತೆ ನಕ್ಷತ್ರಗಳು ಬೇಗ ಹುಟ್ಟುತ್ತವೆ. ತಿಂಗಳಿಗೆ ಎರಡು ಗಂಟೆ ಆಯಿತು. ಜನವರಿಯಲ್ಲಿ ರಾತ್ರಿ ಹತ್ತಕ್ಕೆ ಕಂಡ ಆಕಾಶವೇ ಫೆಬ್ರವರಿಯಲ್ಲಿ ಎಂಟಕ್ಕೆ ಬರುತ್ತದೆ. ಆದ್ದರಿಂದ ಮುಂದೆ ತಾರೀಖು ಹೇಳುವಾಗ ಇಂಗ್ಲಿಷ್ ತಿಂಗಳನ್ನೇ ಹೇಳುತ್ತೇನೆ.

ಕಣ್ಣು ಮತ್ತು ಕೈ

ಮನೆಯ ಬೆಳಕಿನಿಂದ ಹೊರಗೆ ಬಂದ ತಕ್ಷಣ ಏನೂ ಕಾಣುವುದಿಲ್ಲ. ಕಣ್ಣು ಕತ್ತಲಿಗೆ ಹೊಂದಿಕೊಳ್ಳಲು 20ರಿಂದ 30 ನಿಮಿಷ ಬೇಕು. ಮಧ್ಯೆ ಒಂದು ಸಲ ವಾಟ್ಸ್‌ಆ್ಯಪ್ ನೋಡಿದಿರೋ, ಮತ್ತೆ ಮೊದಲಿಂದ. ಟಾರ್ಚ್ ಬೇಕೇ ಬೇಕು ಅಂದರೆ ಅದರ ಬಾಯಿಗೆ ಕೆಂಪು ಜಿಲೆಟಿನ್ ಕಾಗದ ಸುತ್ತಿ. ಹೊಲದಲ್ಲಿ ಓಡಾಡುವಾಗ ಮಾತ್ರ ಬಿಳಿ ಟಾರ್ಚೇ ಇರಲಿ. ಹಾವಿಗಿಂತ ನಕ್ಷತ್ರ ದೊಡ್ಡದಲ್ಲ. ಬದುವಿನ ಮೇಲೆ ಒಂದು ಕಡೆ ನಿಂತ ಮೇಲೆ ಕೆಂಪು ಬೆಳಕು ಸಾಕು.

ಪಟ್ಟಣದವರು ಬೀದಿದೀಪಕ್ಕೆ ಬೆನ್ನು ಮಾಡಿ, ಟೆರೇಸಿನ ನೀರಿನ ಟ್ಯಾಂಕ್ ನೆರಳಲ್ಲಿ ನಿಲ್ಲಿ. ಪ್ರತಿ ಸಲ ಅದೇ ಜಾಗದಲ್ಲಿ ನಿಲ್ಲುವುದು ಮುಖ್ಯ. ಎದುರುಮನೆ ತೆಂಗಿನಮರ ಎಲ್ಲಿ, ಟವರ್ ಎಲ್ಲಿ ಅಂತ ಗುರುತಾದರೆ ನಕ್ಷತ್ರ ಎಷ್ಟು ಸರಿದಿದೆ ಅನ್ನುವುದು ತಾನಾಗಿ ತಿಳಿಯುತ್ತದೆ.

ಅಳತೆಗೆ ಕೈ ಇದೆ. ತೋಳನ್ನು ಪೂರ್ತಿ ಚಾಚಿ ಮುಷ್ಟಿ ಹಿಡಿದರೆ ಅದರ ಅಗಲ 10 ಡಿಗ್ರಿ. ಹೆಬ್ಬೆರಳಿಂದ ಕಿರುಬೆರಳಿಗೆ ಒಂದು ಗೇಣು ಅಂದರೆ 20 ಡಿಗ್ರಿ. ನಡುವಿನ ಮೂರು ಬೆರಳು ಸೇರಿಸಿದರೆ 5 ಡಿಗ್ರಿ. ಮಕ್ಕಳ ಕೈ ಚಿಕ್ಕದು ಅಂತ ಯೋಚಿಸಬೇಡಿ. ಅವರ ತೋಳೂ ಗಿಡ್ಡ, ಲೆಕ್ಕ ಸರಿಹೋಗುತ್ತದೆ.

ಮೊದಲು ಮೃಗಶಿರ

ಹೊಸಬರು ಡಿಸೆಂಬರಿನಿಂದ ಶುರು ಮಾಡಿದರೆ ಒಳ್ಳೆಯದು. ಮೋಡ ಕಡಿಮೆ, ಕತ್ತಲು ಬೇಗ. ಆಮೇಲೆ ಆಕಾಶದಲ್ಲಿ ಎಲ್ಲಕ್ಕಿಂತ ಸುಲಭವಾಗಿ ಸಿಗುವ ಗುಂಪು ಆಗಲೇ ಪೂರ್ವದಲ್ಲಿ ಏರುತ್ತಿರುತ್ತದೆ. ಅದೇ ಮಹಾವ್ಯಾಧ, ಓರಿಯನ್.

ಡಿಸೆಂಬರ್ ಮಧ್ಯದಲ್ಲಿ ಎಂಟು ಗಂಟೆಗೆ ಪೂರ್ವಕ್ಕೆ ನಿಂತು ಎರಡೂವರೆ ಮುಷ್ಟಿ ಎತ್ತರ ಹುಡುಕಿ. ಒಂದೇ ಅಳತೆಯ ಮೂರು ನಕ್ಷತ್ರ, ಒಂದೇ ಸಾಲು. ನಮ್ಮ ಕಡೆಯಿಂದ ನೋಡುವಾಗ ಅದು ಹುಟ್ಟುವ ಹೊತ್ತಿಗೆ ಸಾಲು ಹೆಚ್ಚುಕಡಿಮೆ ನೆಟ್ಟಗೆ ನಿಂತಿರುತ್ತದೆ. ಪುಸ್ತಕದ ಚಿತ್ರಗಳಲ್ಲಿ ವ್ಯಾಧ ನಿಂತಿರುತ್ತಾನೆ, ನಮಗೆ ಅವನು ಎಡಕ್ಕೆ ತಲೆಯಿಟ್ಟು ಮಲಗಿಕೊಂಡೇ ಹುಟ್ಟುತ್ತಾನೆ. ಇದು ಗೊತ್ತಿಲ್ಲದೆ ಎಷ್ಟೋ ಜನ "ಚಿತ್ರದಲ್ಲಿ ಇದ್ದ ಹಾಗಿಲ್ವಲ್ಲ" ಅಂತ ವಾಪಸ್ ಹೋಗುತ್ತಾರೆ.

ಆ ಮೂರರ ಎಡಕ್ಕೆ, ಅಂದರೆ ಉತ್ತರಕ್ಕೆ, ಕಿತ್ತಳೆ ಕೆಂಪಿನ ನಕ್ಷತ್ರ ಇದೆ. ಅದೇ ಆರಿದ್ರ. ಇಂಗ್ಲಿಷಿನವರು ಬೀಟಲ್‌ಜ್ಯೂಸ್ ಅನ್ನುತ್ತಾರೆ. 2019ರ ಕೊನೆಯಿಂದ 2020ರ ಫೆಬ್ರವರಿವರೆಗೆ ಅದು ಬರಿಗಣ್ಣಿಗೇ ಗೊತ್ತಾಗುವಷ್ಟು ಮಂಕಾಗಿತ್ತು. ನಕ್ಷತ್ರ ಹೊರಗೆ ಉಗುಳಿದ ಧೂಳು ಅಡ್ಡ ಬಂದದ್ದೇ ಮುಖ್ಯ ಕಾರಣ ಅಂತ ಆಮೇಲೆ ವಿಜ್ಞಾನಿಗಳು ಹೇಳಿದರು. ಸಾಲಿನ ಬಲಕ್ಕೆ, ಅಷ್ಟೇ ದೂರದಲ್ಲಿ, ಬಿಳಿನೀಲಿ ರೈಜೆಲ್. ಮೃಗಶಿರ ನಕ್ಷತ್ರ ಅನ್ನುವುದು ವ್ಯಾಧನ ತಲೆಯಲ್ಲಿರುವ ಮೂರು ಸಣ್ಣ ಚುಕ್ಕಿ. ಬೆಂಗಳೂರಿನಿಂದ ಕಷ್ಟ, ತೋಟದಿಂದ ಸಲೀಸು.

ಈಗ ಮೂರರ ಸಾಲನ್ನೇ ಗೆರೆ ಅಂದುಕೊಳ್ಳಿ. ಗೆರೆಯನ್ನು ಮೇಲಕ್ಕೆ ಒಂದು ಗೇಣು ಎಳೆದರೆ ಕೆಂಪಗಿನ ರೋಹಿಣಿ. ಅದರ ಸುತ್ತ ಬಂಡಿ ಆಕಾರದಲ್ಲಿ ಸಣ್ಣ ನಕ್ಷತ್ರಗಳು. ಹಳಬರು ರೋಹಿಣೀ ಶಕಟ ಅನ್ನುತ್ತಿದ್ದುದು ಇದನ್ನೇ. ಇನ್ನೂ ಒಂದೂವರೆ ಮುಷ್ಟಿ ಮೇಲಕ್ಕೆ ಹೋದರೆ ಒತ್ತೊತ್ತಾಗಿ ಕೂತ ಕೃತ್ತಿಕೆ. ಅಲ್ಲಿ ಎಷ್ಟು ಚುಕ್ಕಿ ಎಣಿಸುತ್ತೀರಿ ಅನ್ನುವುದು ಕಣ್ಣಿಗೂ ಊರ ಬೆಳಕಿಗೂ ಪರೀಕ್ಷೆ. ಆರು ಕಂಡರೆ ನಿಮ್ಮ ಜಾಗ ಚೆನ್ನಾಗಿದೆ. ಏಳೆಂಟು ಕಂಡರೆ ಅಲ್ಲೇ ಸೈಟ್ ತಗೊಳ್ಳಿ.

ಅದೇ ಗೆರೆಯನ್ನು ಕೆಳಕ್ಕೆ ಒಂದು ಗೇಣು ಎಳೆದರೆ ಲುಬ್ಧಕ, ಸಿರಿಯಸ್. ರಾತ್ರಿ ಆಕಾಶದಲ್ಲಿ ಇದಕ್ಕಿಂತ ಪ್ರಕಾಶದ ನಕ್ಷತ್ರ ಇಲ್ಲ. ಡಿಸೆಂಬರ್ ಮಧ್ಯದಲ್ಲಿ ಎಂಟಕ್ಕೆ ಆಗಷ್ಟೇ ಹುಟ್ಟಿ ಅಂಚಿನಲ್ಲೇ ಇರುತ್ತದೆ, ಒಂಬತ್ತರ ಮೇಲೆ ನೋಡಿ. ಆಕಾಶದ ಅಂಚಿನಲ್ಲಿ ಇರುವಾಗ ಕೆಂಪು, ಹಸಿರು, ನೀಲಿ ಅಂತ ಮಿನುಗುತ್ತದೆ. ಡ್ರೋನ್ ಅಂದುಕೊಂಡು ಹೆದರಿದವರು ನಮ್ಮೂರಲ್ಲೇ ಇದ್ದಾರೆ. ಅದು ಗಾಳಿಯ ಆಟ. ದೂರ 8.6 ಬೆಳಕಿನ ವರ್ಷ ಅಷ್ಟೇ, ನಕ್ಷತ್ರಗಳ ಲೆಕ್ಕದಲ್ಲಿ ಪಕ್ಕದ ಬೀದಿ.

ಫೆಬ್ರವರಿ ಮಧ್ಯದಲ್ಲಿ ಒಂಬತ್ತಕ್ಕೆ ದಕ್ಷಿಣಕ್ಕೆ ತಿರುಗಿ. ಮೇಲೆ ಲುಬ್ಧಕ, ಅದರ ಕೆಳಗೆ ನೇರವಾಗಿ ಇನ್ನೊಂದು ದೊಡ್ಡ ನಕ್ಷತ್ರ. ಶಿರಾದಿಂದ ಅದು ಎರಡು ಮುಷ್ಟಿಗಿಂತ ಸ್ವಲ್ಪ ಮೇಲೆ ಇರುತ್ತದೆ. ಅಗಸ್ತ್ಯ, ಕನೋಪಸ್. ಹೊಳಪಿನಲ್ಲಿ ಇಡೀ ಆಕಾಶಕ್ಕೆ ಎರಡನೆಯದು. ದೆಹಲಿಯವರಿಗೆ ಇದು ಒಂದು ಮುಷ್ಟಿಯೂ ಏರುವುದಿಲ್ಲ. ನ್ಯೂಜೆರ್ಸಿಯಲ್ಲಿ ಇರುವ ಕನ್ನಡದವರಿಗೆ ಹುಟ್ಟುವುದೇ ಇಲ್ಲ. ಅಗಸ್ತ್ಯರು ವಿಂಧ್ಯ ದಾಟಿ ನಮ್ಮ ಕಡೆ ಬಂದು ನಿಂತರು ಅನ್ನುವ ಕತೆಗೂ ಆಕಾಶಕ್ಕೂ ಚೆನ್ನಾಗಿ ಹೊಂದುತ್ತದೆ, ಅಲ್ವಾ?

ಯುಗಾದಿ ಮರುದಿನ ಸಂಜೆ ಎಲ್ಲರೂ ಪಶ್ಚಿಮಕ್ಕೆ ಕತ್ತು ಚಾಚಿ ಎಳೆಚಂದ್ರನನ್ನು ಹುಡುಕುತ್ತೀರಲ್ಲ, ಚಂದ್ರ ಕಂಡ ಮೇಲೆ ಒಳಗೆ ಓಡಬೇಡಿ. ಪೂರ್ತಿ ಕತ್ತಲಾಗಲಿ. ಕೆಳಗೆ ಕೃತ್ತಿಕೆ, ಮೇಲೆ ರೋಹಿಣಿ, ಅದರ ಮೇಲೆ ಮಹಾವ್ಯಾಧ, ಎಲ್ಲ ಪಶ್ಚಿಮದಲ್ಲೇ ಸಾಲಾಗಿ ಇಳಿಯುತ್ತಿರುತ್ತವೆ. ಮೇ ಮಧ್ಯದ ಹೊತ್ತಿಗೆ ವ್ಯಾಧ ಸಂಜೆಗೆಂಪಿನಲ್ಲಿ ಕರಗುತ್ತಾನೆ. ಆಮೇಲೆ ಅವನ ಹೆಸರಿನ ಮಳೆಗಳು ಶುರು.

ಮೇ ತಿಂಗಳಲ್ಲಿ ಉತ್ತರ, ದಕ್ಷಿಣ

ಮಘಾ ಸುಲಭ. ಏಪ್ರಿಲ್ ಮಧ್ಯದಲ್ಲಿ ಒಂಬತ್ತಕ್ಕೆ ಸರಿಯಾಗಿ ನೆತ್ತಿ ಮೇಲೆ ಇರುವ ಪ್ರಕಾಶದ ನಕ್ಷತ್ರವೇ ಅದು. ಅದನ್ನು ಹಿಡಿಯಾಗಿ ಮಾಡಿಕೊಂಡ ಕುಡುಗೋಲಿನ ಆಕಾರ ಸಿಂಹದ ತಲೆ. ಮಲಗಿಕೊಂಡೇ ನೋಡಿ, ಇಲ್ಲದಿದ್ದರೆ ಕತ್ತು ಹಿಡಿಯುತ್ತದೆ.

ಆದರೆ ನನಗೆ ಎಲ್ಲಕ್ಕಿಂತ ಇಷ್ಟ ಮೇ ಎರಡನೇ ಭಾಗ. ಮಧ್ಯಾಹ್ನದ ಮೇಲೆ ಮಳೆ ಹೊಡೆದು ಧೂಳು ಕೂತಿದ್ದರೆ ಒಂಬತ್ತು ಗಂಟೆಗೆ ಹೊರಗೆ ಬನ್ನಿ. ಉತ್ತರಕ್ಕೆ ನಿಂತರೆ ಸಪ್ತರ್ಷಿ ಮಂಡಲ, ಅರ್ಧ ಆಕಾಶದ ಎತ್ತರಕ್ಕೆ. ಅದೇ ಜಾಗದಲ್ಲಿ ಹಿಂದಕ್ಕೆ ತಿರುಗಿದರೆ ದಕ್ಷಿಣದ ಅಂಚಿನಲ್ಲಿ ತ್ರಿಶಂಕು. ಉತ್ತರದಿಂದ ನೆತ್ತಿ ಮೇಲೆ ಹಾದು ದಕ್ಷಿಣಕ್ಕೆ ಒಂದು ಗೆರೆ ಇದೆ ಅಂದುಕೊಳ್ಳಿ, ಎರಡೂ ಒಂದೇ ಹೊತ್ತಿಗೆ ಅದನ್ನು ದಾಟುತ್ತವೆ. ಇಂಗ್ಲೆಂಡಿನಲ್ಲಿ ತ್ರಿಶಂಕು ಕಾಣುವುದಿಲ್ಲ, ನ್ಯೂಜಿಲೆಂಡಿನ ದಕ್ಷಿಣದಲ್ಲಿ ಸಪ್ತರ್ಷಿ ಕಾಣುವುದಿಲ್ಲ. ನಮಗೆ ಎರಡೂ ಇವೆ. ವಸಿಷ್ಠರು ಉತ್ತರದಲ್ಲಿ, ಅವರು ಬೇಡ ಅಂದದ್ದಕ್ಕೆ ವಿಶ್ವಾಮಿತ್ರರು ಮೇಲೆ ಕಳಿಸಿದ ತ್ರಿಶಂಕು ದಕ್ಷಿಣದಲ್ಲಿ. ಇಬ್ಬರೂ ಮುಖಾಮುಖಿ.

ಸಪ್ತರ್ಷಿಯಲ್ಲಿ ನಾಲ್ಕು ನಕ್ಷತ್ರದ ಚೌಕ, ಮೂರು ನಕ್ಷತ್ರದ ಬಾಲ. ಚೌಕದಲ್ಲಿ ಬಾಲಕ್ಕೆ ಎದುರು ಬದಿಯ ಎರಡು ನಕ್ಷತ್ರ ಪುಲಹ ಮತ್ತು ಕ್ರತು, ಮೇ ಸಂಜೆ ಮೇಲಿನದು ಪುಲಹ. ಪುಲಹದಿಂದ ಕ್ರತುವಿಗೆ ಗೆರೆ ಎಳೆದು, ಆ ದೂರದ ಐದು ಪಟ್ಟು ಮುಂದೆ ಹೋದರೆ ಧ್ರುವ. ಧ್ರುವ ಅಂದರೆ ದೊಡ್ಡ ಹೊಳಪಿನ ನಕ್ಷತ್ರ ಅಂತ ಎಲ್ಲರ ತಲೆಯಲ್ಲಿ ಕೂತಿದೆ. ಹಾಗಿಲ್ಲ. ಅದು ಸಪ್ತರ್ಷಿಯ ನಕ್ಷತ್ರಗಳಷ್ಟೇ, ಸಾಧಾರಣ. ನೀವಿರುವ ಊರಿನ ಅಕ್ಷಾಂಶ ಎಷ್ಟೋ ಅಷ್ಟೇ ಎತ್ತರದಲ್ಲಿ ಇರುತ್ತದೆ. ಬೆಂಗಳೂರಿಗೆ 13 ಡಿಗ್ರಿ, ಬೀದರಿಗೆ ಸುಮಾರು 18. ಒಂದೂವರೆ ಮುಷ್ಟಿಗೆ ಮರ, ಮನೆ ಅಡ್ಡ ಬರುವುದೇ ಹೆಚ್ಚು. ಕೆರೆ ಏರಿಯ ಮೇಲೆ ನಿಂತು ನೋಡಿದರೆ ಸಿಗುತ್ತದೆ.

ಬಾಲದ ನಡುವಿನದು ವಸಿಷ್ಠ. ಅದಕ್ಕೆ ಅಂಟಿಕೊಂಡ ಹಾಗೆ ಮಂಕಾದ ಇನ್ನೊಂದು ಚುಕ್ಕಿ, ಅರುಂಧತಿ. ಮದುವೆಯಲ್ಲಿ ಪುರೋಹಿತರು ಮಟಮಟ ಮಧ್ಯಾಹ್ನ ಬೆರಳು ತೋರಿಸಿ "ಕಂಡಿತಾ?" ಅಂದಾಗ ನಾನೂ "ಕಂಡಿತು" ಅಂದವನೇ. ಆದರೆ ನಮ್ಮಲ್ಲಿ ಮದುವೆಗಳು ಜಾಸ್ತಿ ನಡೆಯುವ ಏಪ್ರಿಲ್, ಮೇ ತಿಂಗಳಲ್ಲಿ ಸಂಜೆ ರಿಸೆಪ್ಷನ್ ಮುಗಿಯುವ ಹೊತ್ತಿಗೆ ಅರುಂಧತಿ ನಿಜವಾಗಲೂ ಮೇಲೇ ಇರುತ್ತದೆ. ಛತ್ರದ ತಾರಸಿಗೆ ಮದುಮಕ್ಕಳನ್ನು ಕರೆದುಕೊಂಡು ಹೋಗಿ ತೋರಿಸಬಹುದು. ಸೀರಿಯಲ್ ಸೆಟ್ ಲೈಟನ್ನು ಎರಡು ನಿಮಿಷ ಆರಿಸಲು ಹೇಳಿ.

ಬಾಲದ ಬಾಗಿದ ಗೆರೆಯನ್ನು ಹಾಗೇ ಮುಂದುವರಿಸಿದರೆ ಕಿತ್ತಳೆ ಬಣ್ಣದ ಸ್ವಾತಿ. ಇನ್ನೂ ಮುಂದುವರಿಸಿದರೆ ಬಿಳಿ ಚಿತ್ತಾ. ಚಿತ್ತಾದ ಬಲಕ್ಕೆ ನಾಲ್ಕೈದು ನಕ್ಷತ್ರದ ಪುಟ್ಟ ಓರೆ ಚೌಕ ಹಸ್ತ. ಒಂದೇ ಬಾಗಿನಲ್ಲಿ ಮೂರು ಮಳೆಯ ಹೆಸರು ಸಿಕ್ಕವು.

ತ್ರಿಶಂಕು ಹುಡುಕಲು ದಕ್ಷಿಣ ಪೂರ್ತಿ ಬಯಲಾಗಿರಬೇಕು. ಶಿರಾದಿಂದ ಅದರ ಎತ್ತರ ಒಂದೂವರೆ ಮುಷ್ಟಿ. ಮೈಸೂರಿನವರಿಗೆ ಸ್ವಲ್ಪ ಮೇಲೆ, ಬೀದರಿನವರಿಗೆ ಒಂದು ಮುಷ್ಟಿ ಚಿಲ್ಲರೆ. ನನ್ನ ತೋಟದಿಂದ ದಕ್ಷಿಣಕ್ಕೆ ತುಮಕೂರಿನ ಬೆಳಕು ಅಂಚನ್ನು ಬೆಳ್ಳಗೆ ಮಾಡಿದರೂ ಇದು ಕಾಣುತ್ತದೆ. ನಾಲ್ಕು ನಕ್ಷತ್ರದ ಗಾಳಿಪಟದಂಥ ಶಿಲುಬೆ, ಮೂರು ಬೆರಳಿಗಿಂತ ಸ್ವಲ್ಪ ಉದ್ದ. ಅಷ್ಟು ಚಿಕ್ಕದು. ಗ್ಯಾರಂಟಿಗೆ ಅದರ ಎಡಕ್ಕೆ ನೋಡಿ, ಎರಡು ದೊಡ್ಡ ನಕ್ಷತ್ರ ಜೊತೆಯಾಗಿ ಇರಬೇಕು. ಎಡತುದಿಯದು ಆಲ್ಫಾ ಸೆಂಟಾರಿ, ಸೂರ್ಯನನ್ನು ಬಿಟ್ಟರೆ ಬರಿಗಣ್ಣಿಗೆ ಕಾಣುವವುಗಳಲ್ಲಿ ನಮಗೆ ತೀರಾ ಹತ್ತಿರದ ನಕ್ಷತ್ರ, 4.4 ಬೆಳಕಿನ ವರ್ಷ. ಮಾರ್ಚ್, ಏಪ್ರಿಲಿನಲ್ಲಿ ಇದೇ ಆಕಾರದ ಇನ್ನೊಂದು ಶಿಲುಬೆ ದಕ್ಷಿಣದಲ್ಲಿ ಕಾಣುತ್ತದೆ. ಅದು ದೊಡ್ಡದು, ಮಂಕು, ಪಕ್ಕದಲ್ಲಿ ಈ ಜೋಡಿ ಇರುವುದಿಲ್ಲ. ಅದು ತ್ರಿಶಂಕು ಅಲ್ಲ.

ಮಳೆಗಾಲ ಮತ್ತು ಆಮೇಲೆ

ಮಲೆನಾಡು, ಕರಾವಳಿಯವರು ಜೂನಿನಿಂದ ಆಗಸ್ಟ್ ಮರೆತುಬಿಡಿ. ನಮ್ಮ ಬಯಲುಸೀಮೆಯಲ್ಲಿ ಮಾತ್ರ ಮಳೆ ಕೈಕೊಟ್ಟ ದಿನಗಳು ಬೇಕಾದಷ್ಟು. ಆಗ ದಕ್ಷಿಣದಲ್ಲಿ ವೃಶ್ಚಿಕ. ಹೆಸರಿಗೆ ತಕ್ಕ ಆಕಾರ ಇರುವ ರಾಶಿ ಇದೊಂದೇ ಅಂತ ನನ್ನ ಅಭಿಪ್ರಾಯ. ಎದೆಯಲ್ಲಿ ಕೆಂಪು ಜ್ಯೇಷ್ಠಾ, ಮುಂದೆ ಅನೂರಾಧಾ, ಬಾಲದ ಕೊಂಡಿಯಲ್ಲಿ ಮೂಲಾ. ಕೊಂಡಿಯ ಎಡಕ್ಕೆ ಧನು ರಾಶಿ, ಅಲ್ಲೇ ಆಕಾಶಗಂಗೆಯ ದಪ್ಪ ಭಾಗ. ಆಗಸ್ಟ್ ಕೊನೆಗೆ ಮಳೆ ಬಿಟ್ಟ ರಾತ್ರಿ ಸಿಕ್ಕರೆ ಬಿಡಬೇಡಿ. ಗಾಳಿ ತೊಳೆದು ಇಟ್ಟಿರುತ್ತದೆ, ಜನವರಿಗಿಂತ ಚೆನ್ನಾಗಿ ಕಾಣುತ್ತದೆ.

ಸೆಪ್ಟೆಂಬರಿನಲ್ಲಿ ಒಂಬತ್ತಕ್ಕೆ ನೆತ್ತಿಯ ಹತ್ತಿರ ಶ್ರವಣ, ಎರಡು ಪಕ್ಕಕ್ಕೂ ಒಂದೊಂದು ಸಣ್ಣ ನಕ್ಷತ್ರ. ವಾಯವ್ಯಕ್ಕೆ ಬಿಳಿ ಅಭಿಜಿತ್, ಉತ್ತರಕ್ಕೆ ಹಂಸ ಅನ್ನುವ ಗುಂಪಿನ ಡೆನೆಬ್. ಮೂರೂ ಸೇರಿ ದೊಡ್ಡ ತ್ರಿಕೋನ.

ಗಣಪತಿ ಹಬ್ಬದ ದಿನ ಚೌತಿ ಚಂದ್ರನನ್ನು ನೋಡಬಾರದು ಅಂತ ಎಷ್ಟೋ ಜನ ಹೊರಗೇ ಬರುವುದಿಲ್ಲ. ಚಂದ್ರ ಆಗ ಪಶ್ಚಿಮದಲ್ಲಿ ಇರುತ್ತಾನೆ. ಬೆನ್ನು ಹಾಕಿ ಪೂರ್ವಕ್ಕೆ ನಿಲ್ಲಿ, ಅಪವಾದವೂ ಬರುವುದಿಲ್ಲ, ಭಾದ್ರಪದದ ನಕ್ಷತ್ರಗಳೂ ಸಿಗುತ್ತವೆ. ಒಂಬತ್ತರ ಹೊತ್ತಿಗೆ ಅಲ್ಲಿ ದೊಡ್ಡ ಚೌಕವೊಂದು ಏರುತ್ತಿರುತ್ತದೆ, ಒಂದೊಂದು ಬದಿಯೂ ಒಂದೂವರೆ ಮುಷ್ಟಿ. ಮೇಲಿನ ಎರಡು ಪೂರ್ವಾಭಾದ್ರ, ಕೆಳಗಿನ ಎರಡು ಉತ್ತರಾಭಾದ್ರ. ನಾಲ್ಕೂ ಅಷ್ಟೇನೂ ಹೊಳೆಯುವುದಿಲ್ಲ, ಆದರೆ ಚೌಕದ ಒಳಗೆ ಖಾಲಿ ಇರುವುದರಿಂದ ಗುರುತು ಸಿಗುತ್ತದೆ.

ಅಕ್ಟೋಬರ್ ಕೊನೆಗೆ ಅಶ್ವಿನಿ, ನವೆಂಬರಿನಲ್ಲಿ ಮತ್ತೆ ಕೃತ್ತಿಕೆ. ಅಲ್ಲಿಗೆ ಒಂದು ಸುತ್ತು ಬಂತು.

ಲೆಕ್ಕಕ್ಕೆ ಸಿಗದ ನಕ್ಷತ್ರ ಕಂಡರೆ

ನಾನು ಹೇಳಿದ ಗುಂಪಿನ ಮಧ್ಯೆ ಚಿತ್ರದಲ್ಲಿ ಇಲ್ಲದ ದೊಡ್ಡ ಚುಕ್ಕಿ ಕಂಡರೆ ಅದು ಗ್ರಹ. ಗ್ರಹ ಮಿನುಗುವುದು ಕಡಿಮೆ, ಬೆಳಕು ನಿಂತಿರುತ್ತದೆ. ಸಂಜೆ ಪಶ್ಚಿಮದಲ್ಲಿ ಕಣ್ಣು ಕುಕ್ಕುವ ಹಾಗೆ ಇದ್ದರೆ ಶುಕ್ರ, ನಮ್ಮ ಬೆಳ್ಳಿ. ಅದು ನಡುರಾತ್ರಿ ನೆತ್ತಿ ಮೇಲೆ ಬರುವುದಿಲ್ಲ. ಗುರು ಹನ್ನೆರಡು ವರ್ಷಕ್ಕೆ ಒಂದು ಸುತ್ತು, ಅಂದರೆ ವರ್ಷಕ್ಕೆ ಒಂದು ರಾಶಿ. ಶನಿ ಒಂದು ರಾಶಿಯಲ್ಲಿ ಎರಡೂವರೆ ವರ್ಷ ಕೂರುತ್ತಾನೆ. ಸಾಡೇಸಾತಿಯ ಏಳೂವರೆ ವರ್ಷ ಬಂದಿದ್ದು ಇಂಥ ಮೂರು ರಾಶಿಯ ಲೆಕ್ಕದಿಂದ. ಕ್ಯಾಲೆಂಡರಿನ ಹಿಂಬದಿ ಗುರು ಯಾವ ರಾಶಿಯಲ್ಲಿ ಅಂತ ಹಾಕಿರುತ್ತಾರೆ. ಒಂದು ಎಚ್ಚರ, ಪಂಚಾಂಗದ ರಾಶಿ ಆಕಾಶದ ಗುಂಪಿಗೆ ಹತ್ತಿರ ಇರುತ್ತದೆ, ಇಂಗ್ಲಿಷ್ ಪೇಪರಿನ ಸನ್ ಸೈನ್ ಸುಮಾರು 24 ಡಿಗ್ರಿ ಜರುಗಿರುತ್ತದೆ. ಅದನ್ನು ಹಿಡಿದು ಹುಡುಕಬೇಡಿ.

ಸದ್ದಿಲ್ಲದೆ ಐದಾರು ನಿಮಿಷದಲ್ಲಿ ಆಕಾಶ ದಾಟಿದರೆ ಉಪಗ್ರಹ. ಮುತ್ತಿನ ಸರದಂತೆ ಸಾಲಾಗಿ ಹೋದರೆ ಸ್ಟಾರ್‌ಲಿಂಕ್, ಅಂದರೆ ಇಂಟರ್ನೆಟ್ ಕೊಡುವ ಉಪಗ್ರಹಗಳ ಸಾಲು.

ಆಕಾಶದ ನಕ್ಷೆ ತೋರಿಸುವ ಸ್ಟೆಲೇರಿಯಮ್ ಥರದ ಆ್ಯಪ್ ಕೊನೆಗೆ ತೆಗೆಯಿರಿ, ಮೊದಲಲ್ಲ. ನೀವೇ ಹುಡುಕಿ "ಇದು ರೋಹಿಣಿ" ಅಂತ ತೀರ್ಮಾನ ಮಾಡಿದ ಮೇಲೆ ಫೋನ್ ಎತ್ತಿ ತಾಳೆ ನೋಡಿ. ಕೆಂಪು ಬೆಳಕಿನ ರಾತ್ರಿ ಮೋಡ್ ಹಾಕಿಕೊಳ್ಳಿ. ಕಬ್ಬಿಣದ ಗೇಟು, ಬೈಕು, ನೀರಿನ ಟ್ಯಾಂಕಿನ ಸ್ಟ್ಯಾಂಡ್ ಪಕ್ಕ ನಿಂತರೆ ಫೋನಿನ ದಿಕ್ಸೂಚಿ ದಾರಿ ತಪ್ಪುತ್ತದೆ, ಪೂರ್ವದ ನಕ್ಷತ್ರವನ್ನು ಈಶಾನ್ಯದಲ್ಲಿ ತೋರಿಸುತ್ತದೆ. ಹತ್ತು ಹೆಜ್ಜೆ ದೂರ ಹೋಗಿ, ಫೋನನ್ನು ಇಂಗ್ಲಿಷಿನ ಎಂಟು ಬರೆದ ಹಾಗೆ ನಾಲ್ಕು ಸಲ ಗಾಳಿಯಲ್ಲಿ ತಿರುಗಿಸಿ. ಆಮೇಲೂ ಫೋನಿಗೂ ನಿಮಗೂ ಜಗಳ ಬಂದರೆ ವ್ಯಾಧನ ಸೊಂಟದ ಮೂರು ನಕ್ಷತ್ರಗಳಲ್ಲಿ ಮೊದಲು ಹುಟ್ಟುವುದನ್ನು ನಂಬಿ. ಅದು ಹುಟ್ಟುವುದು ಹೆಚ್ಚುಕಡಿಮೆ ನಿಖರ ಪೂರ್ವದಲ್ಲಿ, ಮುಳುಗುವುದು ನಿಖರ ಪಶ್ಚಿಮದಲ್ಲಿ.